ಸೈನ್ಸೋ ಆರ್ಟ್ಸೋ: ಖಡಕ್‌ವಾಸ್ಲಾ ನನಗೆ ಕಲಿಸಿದ್ದು

ಹೋದ ತಿಂಗಳ ಒಂದು ಭಾನುವಾರ ಸಂಜೆ ಅಕ್ಕನ ಮೊಮ್ಮಗಳ ಫೋನು ಬಂತು. ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ, ಅಂದರೆ ಎಲ್ಲರೂ ಎನ್‌ಡಿಎ ಎನ್ನುವ ಆ ಜಾಗಕ್ಕೆ, ಅವಳು ಹೋಗಿ ಇನ್ನೂ ಮೂರು ವಾರವಾಗಿರಲಿಲ್ಲ. ದನಿ ಆಗಲೇ ಕೂಗಿ ಕೂಗಿ ಒಡೆದಿತ್ತು.

"ಅಜ್ಜಾ, ಸೈನ್ಸ್ ತಗೋತೀಯೋ ಆರ್ಟ್ಸ್ ತಗೋತೀಯೋ ಅಂತ ನಾಳಿ ಬರದ ಕೊಡಬೇಕು. ಅಪ್ಪ ಕಂಪ್ಯೂಟರ್ ತಗೋ ಅಂತಾರ. ನೀವ್ ಏನಂತೀರಿ?"

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹಿಂದಿನಿಂದ ಯಾರೋ ಸೀನಿಯರ್ ಗದರಿದ್ದು ಕೇಳಿಸಿತು. ಲೈನು ಕಟ್ಟಾಯಿತು. ಅವಳಿಗೆ ಅವತ್ತು ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅರ್ಹತೆ ಇಷ್ಟು: ಧಾರವಾಡದ ಹತ್ತಿರದ ಹಳ್ಳಿಯವನು, ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿದವನು, 1986ರಲ್ಲಿ ಖಡಕ್‌ವಾಸ್ಲಾ ಸೇರಿ ಮೂರು ವರ್ಷ ಮಣ್ಣು ತಿಂದವನು. ಆಮೇಲೆ ತೋಪಖಾನೆ ಸೇರಿದೆ. ನಡುವೆ ಎರಡು ವರ್ಷ ಅದೇ ಅಕಾಡೆಮಿಗೆ ಡಿವಿಷನಲ್ ಆಫೀಸರ್ ಆಗಿ ಮರಳಿದ್ದೆ. ಕೆಡೆಟ್‌ಗಳ ಬಾಯಲ್ಲಿ ಅದು 'ಡಿವ್‌ ಓ'. ಹುಡುಗರ ಮಾರ್ಕ್ಸ್ ಕಾರ್ಡ್ ನೋಡಿ ಬೈಯುವುದು, ಬೈದ ಮೇಲೆ ಕೂರಿಸಿಕೊಂಡು ಮಾತಾಡಿಸುವುದು ಆ ಕೆಲಸದ ಅರ್ಧ ಭಾಗ. ಅಮೆರಿಕದವರು ಪದವಿಯ ವಿಷಯ ಆರಿಸಿಕೊಳ್ಳುವುದಕ್ಕೆ 'ಮೇಜರ್' ಆರಿಸಿಕೊಳ್ಳುವುದು ಅನ್ನುತ್ತಾರೆ. ನಮ್ಮ ಕಾಲದಲ್ಲಿ ಮೇಜರ್ ಆಗಲು ಕಮಿಷನ್ ಸಿಕ್ಕಮೇಲೆ ಹತ್ತು ವರ್ಷ ದಾಟಬೇಕಿತ್ತು. ಆರಿಸಿಕೊಳ್ಳುವ ಮಾತೇ ಇರಲಿಲ್ಲ.

1. ಅರ್ಧ ಆಯ್ಕೆ ಪಿಯುಸಿಯಲ್ಲೇ ಮುಗಿದಿರುತ್ತದೆ

ಎನ್‌ಡಿಎ ಕೊಡುವ ಪದವಿ ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದ್ದು. ಭೂಸೇನೆಗೆ ಹೋಗುವವರಿಗೆ ಬಿ.ಎಸ್ಸಿ., ಬಿ.ಎಸ್ಸಿ. ಕಂಪ್ಯೂಟರ್ ಅಥವಾ ಬಿ.ಎ. ನೌಕಾಪಡೆಯವರಿಗೆ ಈಗ ಬಿ.ಟೆಕ್.; ವಾಯುಪಡೆಯವರಲ್ಲೂ ಬಿ.ಟೆಕ್. ಇದೆ. ಮೂರು ವರ್ಷ ಖಡಕ್‌ವಾಸ್ಲಾದಲ್ಲಿ ಓದಿ, ಉಳಿದದ್ದನ್ನು ಕೇರಳದ ಎಳಿಮಲದಲ್ಲೋ ಹೈದರಾಬಾದ್ ಪಕ್ಕದ ದುಂಡಿಗಲ್‌ನಲ್ಲೋ ಮುಗಿಸಬೇಕು. ಈ ಎರಡು ಪಡೆಗೆ ಅರ್ಜಿ ಹಾಕಬೇಕಾದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಲೇಬೇಕು. ಭೂಸೇನೆಗೆ ಯಾವ ವಿಷಯದ ಪಿಯುಸಿಯಾದರೂ ನಡೆಯುತ್ತದೆ.

ಇದು ನಮ್ಮ ಕಡೆಯ ಎಷ್ಟೋ ತಂದೆತಾಯಿಗಳಿಗೆ ಗೊತ್ತಿಲ್ಲ. ಇತಿಹಾಸ, ಅರ್ಥಶಾಸ್ತ್ರ ತೆಗೆದುಕೊಂಡ ಮಗುವಿಗೆ ಸೇನೆಯ ಬಾಗಿಲು ಮುಚ್ಚಿತು ಎಂದುಕೊಂಡು ಸುಮ್ಮನಾಗುತ್ತಾರೆ. ಮುಚ್ಚಿಲ್ಲ. ಆದರೆ ಒಂದು ಹೊಸ್ತಿಲಿದೆ: ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುವ ಪ್ರವೇಶ ಪರೀಕ್ಷೆಯಲ್ಲಿ ಎಲ್ಲರೂ 300 ಅಂಕದ ಗಣಿತ ಬರೆಯಬೇಕು. ಸಾಮಾನ್ಯ ಸಾಮರ್ಥ್ಯದ್ದು 600. ಅದು ದಾಟಿದರೆ ಎಸ್‌ಎಸ್‌ಬಿ ಆಯ್ಕೆ ಮಂಡಳಿಯ ಸಂದರ್ಶನಕ್ಕೆ ಇನ್ನೊಂದು 900. ಆರ್ಟ್ಸ್ ಓದಿದ ಮಗು ಸೇನೆಗೆ ಹೋಗಬೇಕೆಂದರೆ ಪಿಯುಸಿ ಎರಡು ವರ್ಷವೂ ಗಣಿತದ ಪುಸ್ತಕವನ್ನು ಕಪಾಟಿಗೆ ಸೇರಿಸಬಾರದು.

2. ಮೂರನೇ ಪೀರಿಯಡ್‌ನಲ್ಲಿ ಕಣ್ಣು ತೆರೆಸುವ ವಿಷಯ ಯಾವುದೋ ಅದನ್ನು ತಗೋ

ಹೊರಗಿನ ಕಾಲೇಜಿನಲ್ಲಿ ಓದುವವರಿಗೆ ಈ ಮಾತು ತಮಾಷೆಯಾಗಿ ಕಾಣುತ್ತದೆ. ಅಲ್ಲಿ ಇದ್ದುಬಂದವರು ನಗುವುದಿಲ್ಲ.

ಬೆಳಕು ಹರಿಯುವ ಮುಂಚೆ ಎದ್ದು ಫಾಲ್‌ಇನ್. ಪಿಟಿ ಇಲ್ಲವೇ ಡ್ರಿಲ್. ಡ್ರಿಲ್ ಚೌಕದಿಂದ ಸ್ಕ್ವಾಡ್ರನ್‌ಗೆ ಸೈಕಲ್ ಮೇಲೆ ಓಡಿ ಬಂದು, ಬೆವರು ಆರುವ ಮುಂಚೆ ಬಟ್ಟೆ ಬದಲಿಸಿ, ತಿಂಡಿ ನುಂಗಿ, ಮತ್ತೆ ಸೈಕಲ್ ಹತ್ತಿ ತರಗತಿಗೆ. ದಾರಿಯಲ್ಲಿ ಸೀನಿಯರ್ ಕಣ್ಣಿಗೆ ಬಿದ್ದರೆ ಸೈಕಲ್ಲೇ ನಮ್ಮ ಮೇಲೆ ಹತ್ತುತ್ತದೆ. ಹಿಂದಿನ ರಾತ್ರಿ ಯಾರೋ ಮಾಡಿದ ತಪ್ಪಿಗೆ ಇಡೀ ಟರ್ಮಿಗೆ ರಗಡಾ, ಅಂದರೆ ಶಿಕ್ಷೆಯ ಕಸರತ್ತು, ಆಗಿರುತ್ತದೆ; ಫ್ರಂಟ್ ರೋಲ್ ಹೊಡೆದ ಬೆನ್ನು ಬೆಂಚಿಗೆ ತಾಗಿದ ಕೂಡಲೇ ಹಿತವಾಗುತ್ತದೆ. ಮೇಲೆ ಫ್ಯಾನು ತಿರುಗುತ್ತಿರುತ್ತದೆ. ಎದುರಿಗೆ ಯಾವುದೇ ವಿಷಯದ ಮಹಾ ಪಂಡಿತರಿದ್ದರೂ ಅವರ ದನಿ ಜೋಗುಳ.

ಮೊದಲ ಪೀರಿಯಡ್ ಹೇಗೋ ಕಳೆಯುತ್ತದೆ. ಎರಡನೆಯದರಲ್ಲಿ ತಲೆ ತೂಗುತ್ತದೆ. ಮೂರನೆಯದು ಪರೀಕ್ಷೆ. ನಿದ್ದೆ ತಡೆಯಲಾಗದವರು ತಾವಾಗಿಯೇ ಎದ್ದು ಹಿಂದಿನ ಗೋಡೆಗೆ ನಿಲ್ಲುವುದು ಅಲ್ಲಿಯ ರೂಢಿ. ನಿಂತೇ ನಿದ್ದೆ ಮಾಡುವ ವಿದ್ಯೆಯನ್ನೂ ನನ್ನ ಕೋರ್ಸ್‌ಮೇಟ್‌ಗಳಲ್ಲಿ ಕೆಲವರು ಸಾಧಿಸಿದ್ದರು. ನೋಟ್‌ಬುಕ್ ತೆಗೆದರೆ ಮೊದಲ ಎರಡು ಸಾಲು ದುಂಡಗೆ, ಮೂರನೆಯದು ಹಾವಿನಂತೆ ಪುಟದ ಅಂಚಿಗೆ ಹರಿದು ಮುಗಿದಿರುತ್ತಿತ್ತು.

ಇಂಥ ಸ್ಥಿತಿಯಲ್ಲಿ 'ಮುಂದೆ ಅನುಕೂಲವಾಗುತ್ತೆ' ಎಂದು ತೆಗೆದುಕೊಂಡ ವಿಷಯ ತಲೆಗೆ ಹೋಗುವುದಿಲ್ಲ. ಎಚ್ಚರವಿರಿಸುವುದು ಆಸೆ ಒಂದೇ. ಪಾಣಿಪತ್ ಯುದ್ಧದಲ್ಲಿ ಯಾರು ಎಲ್ಲಿ ನಿಂತಿದ್ದರು ಎಂದು ತಿಳಿಯುವ ಚಟ ಒಬ್ಬನಿಗೆ, ಸರ್ಕ್ಯೂಟ್ ಬಿಡಿಸುವ ಚಟ ಇನ್ನೊಬ್ಬನಿಗೆ. ಆ ಚಟ ನಿನ್ನಲ್ಲಿ ಯಾವುದರ ಕಡೆಗಿದೆ ಎಂದು ಅಲ್ಲಿಗೆ ಹೋಗುವ ಮುಂಚೆ ಮನೆಯಲ್ಲೇ ಗೊತ್ತು ಮಾಡಿಕೊಳ್ಳಬೇಕು. ಅಮೆರಿಕದ ಸೇನಾ ಅಕಾಡೆಮಿ ವೆಸ್ಟ್ ಪಾಯಿಂಟ್‌ನಲ್ಲಿ ಕೆಡೆಟ್‌ಗಳು ಇದನ್ನು ಎರಡನೇ ವರ್ಷದಲ್ಲಿ ನಿರ್ಧರಿಸುತ್ತಾರೆ, ಅಷ್ಟರಲ್ಲಿ ಎಲ್ಲ ವಿಷಯದ ರುಚಿ ನೋಡಿರುತ್ತಾರೆ. ನಮ್ಮ ಮಕ್ಕಳಿಗೆ ಆ ಸಾವಕಾಶವಿಲ್ಲ.

ಸೈನ್ಸಿನವರ ಪರವಾಗಿ ಒಂದು ಮಾತು: ಲ್ಯಾಬಿನಲ್ಲಿ ನಿಂತುಕೊಂಡೇ ಕೆಲಸ. ನಿದ್ದೆಗೆ ಅದಕ್ಕಿಂತ ಒಳ್ಳೆಯ ಮದ್ದು ನಾನು ಕಂಡಿಲ್ಲ.

3. ನಾಚಿಕೆಯಿಂದ ಆರಿಸಿದ ವಿಷಯ ಮೂರು ವರ್ಷ ಸೇಡು ತೀರಿಸಿಕೊಳ್ಳುತ್ತದೆ

ಇದು ನನ್ನದೇ ಕತೆ. ವಿಜಯಪುರದಲ್ಲಿ ನನಗೆ ಪ್ರಾಣವಾಗಿದ್ದದ್ದು ಭೂಗೋಳ. ಗೋಲಗುಮ್ಮಟದ ನೆರಳು ಯಾವ ತಿಂಗಳು ಎಲ್ಲಿ ಬೀಳುತ್ತದೆ ಎಂದು ಗುರುತು ಹಾಕಿಕೊಂಡು ಓಡಾಡುತ್ತಿದ್ದವ ನಾನು. ಆದರೂ ಖಡಕ್‌ವಾಸ್ಲಾದಲ್ಲಿ ಸೈನ್ಸ್ ಎಂದು ಬರೆದುಕೊಟ್ಟೆ. ಊರಿನಲ್ಲಿ 'ಮಗ ಏನ್ ಓದಾಕತ್ತಾನ?' ಎಂದು ಕೇಳಿದರೆ ಅಪ್ಪ 'ಬಿ.ಎ.' ಅನ್ನಬೇಕಾಗುತ್ತದಲ್ಲ ಎಂಬ ನಾಚಿಕೆ. ಅಪ್ಪ ನನ್ನನ್ನು ಏನೂ ಕೇಳಿರಲಿಲ್ಲ. ಇಂದಿಗೂ ನೆನೆದರೆ ನಗು ಬರುವುದು ಅದಕ್ಕೇ. ಅವರಿಗೆ ಮಗ ಆಫೀಸರ್ ಆಗುವುದಷ್ಟೇ ಬೇಕಿತ್ತು.

ಎರಡನೇ ಟರ್ಮಿನ ಕೊನೆಗೆ ಭೌತಶಾಸ್ತ್ರದಲ್ಲಿ ನಪಾಸಾದೆ. ಮರುಪರೀಕ್ಷೆಯಲ್ಲೂ ಹೋದರೆ ರೆಲಿಗೇಷನ್. ಆ ಪದ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಆರು ತಿಂಗಳು ಹಿಂದಕ್ಕೆ ತಳ್ಳಿ ಜೂನಿಯರ್‌ಗಳ ಸಾಲಿನಲ್ಲಿ ನಿಲ್ಲಿಸುತ್ತಾರೆ. ನಿನ್ನೆ ನಿನಗೆ ಸೆಲ್ಯೂಟ್ ಹೊಡೆದವನು ಇವತ್ತು ನಿನ್ನ ಕೋರ್ಸ್‌ಮೇಟ್. ನಿನ್ನೆಯ ಕೋರ್ಸ್‌ಮೇಟ್ ಇವತ್ತು ನಿನಗೆ ಸೀನಿಯರ್. ಡಿವ್‌ ಓ ಕರೆದು ಕೂರಿಸಿದರು. ಬೈಯಲಿಲ್ಲ. "ಯಾರಿಗೋಸ್ಕರ ಸೈನ್ಸ್ ತಗೊಂಡೆ?" ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. "ಉತ್ತರ ಸಿಗೋವರೆಗೂ ದಿನಾ ರಾತ್ರಿ ನನ್ನ ಆಫೀಸಲ್ಲಿ ಓದು" ಅಂದರು. ಆರು ವಾರ ಓದಿದೆ. ಪಾಸಾದದ್ದು ಎರಡು ಅಂಕದ ಅಂತರದಲ್ಲಿ.

ಹದಿನೈದು ವರ್ಷದ ನಂತರ ಅಂಥದೇ ಮೇಜಿನ ಹಿಂದೆ ಕುಳಿತು ಅದೇ ಪ್ರಶ್ನೆಯನ್ನು ನಾನು ಹಲವು ಹುಡುಗರಿಗೆ ಕೇಳಿದ್ದೇನೆ. ಒಬ್ಬನೂ 'ನನಗೋಸ್ಕರ' ಎಂದು ಥಟ್ಟನೆ ಹೇಳಲಿಲ್ಲ.

4. ಆರ್ಟ್ಸ್ ಸುಲಭ ಎಂದವನು ಆರ್ಟ್ಸ್ ಓದಿರುವುದಿಲ್ಲ

ಡಿವ್‌ ಓ ಆಗಿದ್ದಾಗ ನನ್ನ ಕೈಕೆಳಗೆ ಉತ್ತರ ಕರ್ನಾಟಕದ ಹುಡುಗನೊಬ್ಬ ಬಂದ. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಗಣಿತದಲ್ಲಿ ಚೂಟಿ. ಯಾರೋ ಸೀನಿಯರ್ 'ಬಿ.ಎ. ತಗೋ, ಓದೋದೇ ಬೇಡ, ಆಟಕ್ಕೆ ಟೈಮ್ ಸಿಗುತ್ತೆ' ಎಂದಿದ್ದರಂತೆ. ತೆಗೆದುಕೊಂಡ. ರಾಜ್ಯಶಾಸ್ತ್ರದ ಪತ್ರಿಕೆಯಲ್ಲಿ ಒಂದೊಂದು ಪ್ರಶ್ನೆಗೂ ಮೂರು ನಾಲ್ಕು ಪುಟ ಇಂಗ್ಲಿಷಿನಲ್ಲಿ ಬರೆಯಬೇಕು. ತಲೆಯಲ್ಲಿ ವಿಚಾರವಿತ್ತು, ಕೈಯಲ್ಲಿ ಭಾಷೆ ಇರಲಿಲ್ಲ. ಸೈನ್ಸ್ ವಿಭಾಗದಲ್ಲಿದ್ದಿದ್ದರೆ ಸಮೀಕರಣವೇ ಅವನ ಪರವಾಗಿ ಮಾತಾಡುತ್ತಿತ್ತು. ಅಲ್ಲಿ ವ್ಯಾಕರಣ ತಪ್ಪಿದರೂ ಲೆಕ್ಕ ಸರಿಯಿದ್ದರೆ ಅಂಕ ಬರುತ್ತದೆ.

ಆದ್ದರಿಂದ ಕನ್ನಡ ಮಾಧ್ಯಮದಿಂದ ಬರುವ ಮಕ್ಕಳಿಗೆ ನಾನು ಕೊಡುವ ಸಲಹೆ ಅಚ್ಚರಿ ಎನಿಸಬಹುದು: ಗಣಿತ ಚೆನ್ನಾಗಿದ್ದು ಇಂಗ್ಲಿಷ್ ಇನ್ನೂ ತೊದಲುತ್ತಿದ್ದರೆ ಮೊದಲೆರಡು ಟರ್ಮಿನ ಮಟ್ಟಿಗೆ ಸೈನ್ಸೇ ಕರುಣೆಯುಳ್ಳದ್ದು. ಇಂಗ್ಲಿಷನ್ನು ಹೇಗೂ ಕಲಿಯಲೇಬೇಕು. ಆದರೆ ಪದವಿಯ ಅಂಕಗಳನ್ನೂ ಅದರ ಕೊರಳಿಗೇ ಕಟ್ಟುವುದು ಬೇಡ. ಆ ಹುಡುಗ ಮುಳುಗಲಿಲ್ಲ. ವ್ಯಾಸ ಲೈಬ್ರರಿಯಲ್ಲಿ ಇಂಗ್ಲಿಷ್ ಪತ್ರಿಕೆಗಳ ಸಂಪಾದಕೀಯಗಳನ್ನು ನಕಲು ಬರೆದೂ ಬರೆದೂ ನಾಲ್ಕನೇ ಟರ್ಮಿಗೆ ದಡ ಸೇರಿದ. ಈಗ ಅವನು ಬರೆಯುವ ವರದಿಗಳಿಗೆ ಅವನ ಮೇಲಧಿಕಾರಿಗಳು ಕೈ ಹಾಕುವುದಿಲ್ಲವಂತೆ.

ಪ್ರತಿ ವಿಭಾಗದಲ್ಲೂ ಮೊದಲ ಸ್ಥಾನ ಬಂದವರಿಗೆ ಪದಕವಿದೆ, ಟ್ರೋಫಿಯಿದೆ. ಬಿ.ಎ.ಯ ಪದಕದಲ್ಲಿ ಬೆಳ್ಳಿ ಕಡಿಮೆ ಹಾಕಿರುವುದಿಲ್ಲ.

5. ಯಾವ ರೆಜಿಮೆಂಟ್ ಎನ್ನುವುದು ಡಿಗ್ರಿಯಿಂದ ತೀರ್ಮಾನವಾಗುವುದಿಲ್ಲ, ಒಂದು ಗುಂಪನ್ನು ಬಿಟ್ಟರೆ

ಭೂಸೇನೆಯ ಕೆಡೆಟ್ ಖಡಕ್‌ವಾಸ್ಲಾ ಮುಗಿಸಿ ಡೆಹ್ರಾಡೂನಿನ ಭಾರತೀಯ ಸೇನಾ ಅಕಾಡೆಮಿಗೆ (ಐಎಂಎ) ಒಂದು ವರ್ಷಕ್ಕೆ ಹೋಗುತ್ತಾನೆ. ಇನ್‌ಫೆಂಟ್ರಿಯೋ, ಟ್ಯಾಂಕೋ, ತೋಪೋ ಎನ್ನುವುದು ಅಲ್ಲಿ, ಅವನ ಇಷ್ಟ, ಮೆರಿಟ್, ಇರುವ ಖಾಲಿ ಜಾಗ ಮೂರನ್ನೂ ನೋಡಿ ತೀರ್ಮಾನವಾಗುತ್ತದೆ. ಇಂಜಿನಿಯರ್ಸ್, ಸಿಗ್ನಲ್ಸ್, ಇಎಂಇ ಎಂಬ ತಾಂತ್ರಿಕ ಗುಂಪಿನ ಮಾತು ಬೇರೆ. ಅವುಗಳ ಅಧಿಕಾರಿಗಳು ಮುಂದೆ ಪುಣೆಯಲ್ಲೋ, ಮ್ಹೋದಲ್ಲೋ, ಸಿಕಂದರಾಬಾದಿನಲ್ಲೋ ಇಂಜಿನಿಯರಿಂಗ್ ಪದವಿಗೆ ಕೂರುತ್ತಾರೆ. ಸೇತುವೆ ಕಟ್ಟುವ, ರೇಡಿಯೊ ಬಿಚ್ಚುವ ಕನಸಿದ್ದರೆ ಸೈನ್ಸ್ ಅಥವಾ ಕಂಪ್ಯೂಟರ್ ತಗೋ, ಎರಡನೇ ಯೋಚನೆ ಬೇಡ. ಆ ಕನಸು ಇಲ್ಲದವರು ಈ ಲೆಕ್ಕಾಚಾರದಲ್ಲಿ ರಾತ್ರಿ ಕಳೆಯಬೇಕಿಲ್ಲ.

6. ಬಿಟ್ಟು ಓಡಿದ ವಿಷಯ ಮುಂದಿನ ತಿರುವಿನಲ್ಲಿ ಕಾದಿರುತ್ತದೆ

1999ರ ಬೇಸಿಗೆ. ನಮ್ಮ ರೆಜಿಮೆಂಟ್ ಕಾರ್ಗಿಲ್ ಕಡೆ ಹೊರಟಿತು. ದ್ರಾಸ್ ಊರೇ ಸಮುದ್ರಮಟ್ಟದಿಂದ ಸುಮಾರು 3,200 ಮೀಟರ್ ಎತ್ತರದಲ್ಲಿದೆ. ಶತ್ರು ಕೂತಿದ್ದ ಶಿಖರಗಳು ಅದಕ್ಕೂ ಸಾವಿರ, ಎರಡು ಸಾವಿರ ಮೀಟರ್ ಮೇಲೆ. ಟೈಗರ್ ಹಿಲ್ 5,000 ಮೀಟರ್ ದಾಟುತ್ತದೆ.

ತೋಪು ಹಾರಿಸುವವನ ಕೈಯಲ್ಲಿ ರೇಂಜ್ ಟೇಬಲ್ ಎಂಬ ಪುಸ್ತಕವಿರುತ್ತದೆ. ಇಷ್ಟು ಕೋನ, ಇಷ್ಟು ಮದ್ದು ಎಂದರೆ ಗುಂಡು ಇಷ್ಟು ದೂರ ಹೋಗುತ್ತದೆ ಎಂಬ ಲೆಕ್ಕ ಅದರಲ್ಲಿ. ಆ ಲೆಕ್ಕವೆಲ್ಲ ಒಂದು ಗೊತ್ತಾದ ಗಾಳಿಯ ಸಾಂದ್ರತೆಯನ್ನು, ಗೊತ್ತಾದ ತಾಪಮಾನವನ್ನು ನಂಬಿ ಮಾಡಿದ್ದು. ದ್ರಾಸ್‌ನ ಗಾಳಿ ಸಮುದ್ರಮಟ್ಟದ ಗಾಳಿಯ ಮುಕ್ಕಾಲು ಭಾಗದಷ್ಟೂ ದಟ್ಟವಾಗಿಲ್ಲ. ಗುಂಡನ್ನು ತಡೆಯುವ ಗಾಳಿ ತೆಳುವಾದರೆ ಗುಂಡು ಇನ್ನೂ ಮುಂದೆ ಹಾರುತ್ತದೆ. ರಾತ್ರಿಯ ಚಳಿಗೆ ಮದ್ದು ತಣ್ಣಗಾದರೆ ಉರಿಯುವ ರೀತಿ ಬದಲಾಗುತ್ತದೆ, ಗುಂಡು ಹಿಂದೆ ಬೀಳುತ್ತದೆ. ಗುರಿ ನಮಗಿಂತ ಒಂದು ಬೆಟ್ಟದಷ್ಟು ಮೇಲಿದೆ. ಎಲ್ಲಕ್ಕೂ ತಿದ್ದುಪಡಿ ಹಾಕಬೇಕು. ಕೆಳಗಿನಿಂದ ಹತ್ತುತ್ತಿರುವವರು ನಮ್ಮವರೇ. ನಮ್ಮ ಗುಂಡು ಅವರ ತಲೆಯ ಮೇಲಿಂದ ಹೋಗಿ ಅವರಿಗಿಂತ ಸ್ವಲ್ಪವೇ ಮುಂದೆ ಬೀಳಬೇಕು.

ಬಂಕರಿನಲ್ಲಿ ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಆ ಕೋಷ್ಟಕಗಳ ಮುಂದೆ ಕೂತಾಗ ನನಗೆ ನೆನಪಾದದ್ದು ಎರಡನೇ ಟರ್ಮಿನ ಭೌತಶಾಸ್ತ್ರದ ಪುಸ್ತಕ. ಗಾಳಿಯ ಎಳೆತ, ಸಾಂದ್ರತೆ, ಪ್ರಕ್ಷೇಪಕದ ಚಲನೆ: ಯಾವ ಅಧ್ಯಾಯದಲ್ಲಿ ನಾನು ನಪಾಸಾಗಿದ್ದೆನೋ ಅದೇ ಅಧ್ಯಾಯ. ನನ್ನ ಡಿವ್‌ ಓ ಆರು ವಾರ ಓದಿಸಿದ್ದು ಹನ್ನೆರಡು ವರ್ಷದ ನಂತರ ಕೆಲಸಕ್ಕೆ ಬಂತು.

ಇಲ್ಲಿಗೆ ನಿಲ್ಲಿಸಿದರೆ ಸೈನ್ಸಿನ ಜಾಹೀರಾತಾಗುತ್ತದೆ. ಪೂರ್ತಿ ಹೇಳಬೇಕು. ಪಕ್ಕದ ಬ್ಯಾಟರಿಯ ಗನ್ ಪೊಸಿಷನ್ ಆಫೀಸರ್ ಈ ತಿದ್ದುಪಡಿಗಳನ್ನು ನನಗಿಂತ ವೇಗವಾಗಿ, ತಪ್ಪಿಲ್ಲದೆ ಮಾಡುತ್ತಿದ್ದ. ಒಂದು ರಾತ್ರಿ ಚಹಾ ಕುಡಿಯುತ್ತಾ ಕೇಳಿದೆ. ಖಡಕ್‌ವಾಸ್ಲಾದಲ್ಲಿ ಅವನು ಓದಿದ್ದು ಬಿ.ಎ. "ಸರ್, ಲೆಕ್ಕ ಕಲಿತಿದ್ದು ದೇವಳಾಲಿಯಲ್ಲಿ. ಕಾಲೇಜಲ್ಲಿ ಯಾರೂ ನನ್ನನ್ನ ಅದರಿಂದ ಹೆದರಿಸಿರಲಿಲ್ಲ, ಅದಕ್ಕೇ ಬೇಗ ಬಂತು" ಅಂದ. ದೇವಳಾಲಿ ಎಂದರೆ ನಾಸಿಕ್ ಪಕ್ಕದ ತೋಪಖಾನೆ ಶಾಲೆ. ಅದೇ ಶಾಲೆಯಲ್ಲಿ ನಾನೂ ಕಲಿತಿದ್ದೆ, ಮೊದಲ ದಿನದಿಂದಲೇ ಹೆದರಿಕೊಂಡು.

7. ಭಾಷೆಯ ಪೀರಿಯಡ್‌ನಲ್ಲಿ ಮಾತ್ರ ಮಲಗಬೇಡ

ಅಕಾಡೆಮಿಯಲ್ಲಿ ವಿದೇಶಿ ಭಾಷೆ ಕಲಿಸುತ್ತಾರೆ: ಅರಬ್ಬಿ, ಚೀನಿ, ಫ್ರೆಂಚ್, ರಷ್ಯನ್. ಎಲ್ಲರೂ ಇದನ್ನು ಉಪ್ಪಿನಕಾಯಿ ಎಂದುಕೊಳ್ಳುತ್ತಾರೆ. ನಾನೂ ಹಾಗೇ ಫ್ರೆಂಚ್ ತೆಗೆದುಕೊಂಡು, ಹಿಂದಿನ ಬೆಂಚಿನಲ್ಲಿ ನೆಮ್ಮದಿಯಾಗಿ ಮಲಗಿ, ಪಾಸಾದೆ.

2008ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಜೊತೆ ಕಾಂಗೋದ ಗೋಮಾ ಕಡೆಗೆ ಹೋದೆ. ಅಲ್ಲಿ ಸರ್ಕಾರದ ಭಾಷೆ ಫ್ರೆಂಚ್. ಒಂದು ಸಂಜೆ ಗಸ್ತು ಹೋದಾಗ ದುಭಾಷಿ ಜೊತೆಗಿರಲಿಲ್ಲ. ಹಳ್ಳಿಯೊಂದರ ಹಿರಿಯ ಜೀಪಿನ ಹತ್ತಿರ ಬಂದು ಏನೋ ಕೇಳಿದ. ನೀರಿನ ವಿಷಯ ಎಂದುಕೊಂಡು ನಾನು 'ಉಯ್, ಉಯ್' ಎಂದು ತಲೆಯಾಡಿಸಿದೆ. ಅವನ ಮುಖ ಅರಳಿತು. ಮರುದಿನ ದುಭಾಷಿಯ ಬಾಯಲ್ಲಿ ಗೊತ್ತಾಯಿತು: 'ರಾತ್ರಿ ಮತ್ತೆ ಬರುತ್ತೀರಾ?' ಎಂದು ಅವನು ಕೇಳಿದ್ದ. ಬಂಡುಕೋರರ ಭಯಕ್ಕೆ ಕಾಡಿಗೆ ಹೋಗಿ ಮಲಗುತ್ತಿದ್ದ ಜನ ಅವತ್ತು ನನ್ನ 'ಉಯ್' ನಂಬಿ ಮನೆಯಲ್ಲೇ ಉಳಿದಿದ್ದರು. ಅಂದು ರಾತ್ರಿ ಯಾರೂ ದಾಳಿ ಮಾಡಲಿಲ್ಲ. ಅದು ನನ್ನ ಪುಣ್ಯ, ನನ್ನ ಫ್ರೆಂಚ್ ಅಲ್ಲ.

ಚೀನಿ ತೆಗೆದುಕೊಂಡಿದ್ದ ನನ್ನ ಕೋರ್ಸ್‌ಮೇಟ್ ಒಬ್ಬನನ್ನು ಮೂರು ವರ್ಷ ಎಲ್ಲರೂ ಗೇಲಿ ಮಾಡಿದ್ದೆವು. ಅವನು ಮುಂದೆ ಪಚ್‌ಮಡಿಯಲ್ಲಿರುವ ಸೇನೆಯ ಶಿಕ್ಷಣ ಕೇಂದ್ರಕ್ಕೆ ಹೋಗಿ ಅದನ್ನು ಗಟ್ಟಿ ಮಾಡಿಕೊಂಡು ಗಡಿಯ ಅಧಿಕಾರಿಗಳ ಸಭೆಗಳಲ್ಲಿ ದುಭಾಷಿಯಾಗಿ ಕೂತ. ಎರಡು ಸೈನ್ಯಗಳ ನಡುವೆ ಒಂದು ಪದದ ಅರ್ಥ ತಪ್ಪದಂತೆ ನೋಡಿಕೊಳ್ಳುವ ಕೆಲಸ ಎಂಥದೆಂದು ಈಗ ಯಾರಿಗೂ ವಿವರಿಸಬೇಕಾಗಿಲ್ಲ.

ಅರಬ್ಬಿಯ ಮಾತಿಗೆ ಬಂದರೆ, ಅಕಾಡೆಮಿಯ ಮುಖ್ಯ ಕಟ್ಟಡದ ಹೆಸರೇ ಸುಡಾನ್ ಬ್ಲಾಕ್. ಎರಡನೇ ಮಹಾಯುದ್ಧದಲ್ಲಿ ಸುಡಾನಿಗಾಗಿ ಹೋರಾಡಿದ ಭಾರತೀಯ ಸೈನಿಕರ ನೆನಪಿಗೆ ಆ ದೇಶ 1 ಲಕ್ಷ ಪೌಂಡ್ ಕೊಟ್ಟಿತ್ತು. ವಿಭಜನೆಯ ನಂತರ ಭಾರತದ ಪಾಲಿಗೆ ಬಂದದ್ದು 70,000. ಆ ಗುಮ್ಮಟದ ಕೆಳಗೆ ಮೂರು ವರ್ಷ ಓಡಾಡಿದವರಲ್ಲಿ ಎಷ್ಟೋ ಮಂದಿ ಆಮೇಲೆ ಶಾಂತಿಪಾಲಕರಾಗಿ ಸುಡಾನಿಗೆ, ದಕ್ಷಿಣ ಸುಡಾನಿಗೆ ಹೋಗಿದ್ದಾರೆ. ಅವರಲ್ಲಿ ಅರಬ್ಬಿ ಪೀರಿಯಡ್‌ನಲ್ಲಿ ಎಚ್ಚರವಿದ್ದವರು ಎಷ್ಟು ಜನವೋ, ದೇವರಿಗೇ ಗೊತ್ತು.

ಭಾಷೆಯ ಆಚೆಗೂ ಆರ್ಟ್ಸಿಗೆ ಕೆಲಸವಿದೆ. ಮಡಿಕೇರಿಯ ಜನರಲ್ ತಿಮ್ಮಯ್ಯ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ಕಲಿತವರು, ಎನ್‌ಡಿಎ ಆಗ ಹುಟ್ಟೇ ಇರಲಿಲ್ಲ. ಆದರೆ 1953ರಲ್ಲಿ ಕೊರಿಯಾದಲ್ಲಿ ಅವರು ಮಾಡಿದ ಕೆಲಸವನ್ನು ನಾನು ಕೆಡೆಟ್‌ಗಳಿಗೆ ತಪ್ಪದೆ ಹೇಳುತ್ತಿದ್ದೆ. ಸ್ವದೇಶಕ್ಕೆ ಹಿಂತಿರುಗಲು ಒಪ್ಪದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಚೀನಿ, ಉತ್ತರ ಕೊರಿಯಾದ ಯುದ್ಧಕೈದಿಗಳು. ಎರಡು ಬಣಗಳ ಒತ್ತಡ. ನಡುವೆ ತಟಸ್ಥ ಆಯೋಗದ ಅಧ್ಯಕ್ಷರಾಗಿ ಈ ಕೊಡವ ಸೇನಾನಿ. ಅಲ್ಲಿ ಬೇಕಾದದ್ದು ಇತಿಹಾಸದ ತಿಳಿವಳಿಕೆ, ಕಾನೂನು, ಮನುಷ್ಯರನ್ನು ಓದುವ ಕಣ್ಣು. 'ಸೈನಿಕನಿಗೆ ಆರ್ಟ್ಸ್ ಯಾಕೆ?' ಎನ್ನುವವರಿಗೆ ನನ್ನ ಬಳಿ ಇರುವ ಉತ್ತರ ಇದು.

8. ಪುಸ್ತಕ ಬಿಟ್ಟವರನ್ನು ವೆಲ್ಲಿಂಗ್ಟನ್ ಹಿಡಿಯುತ್ತದೆ

ವೆಲ್ಲಿಂಗ್ಟನ್ನಿನ ಸ್ಟಾಫ್ ಕಾಲೇಜಿನ ಪ್ರವೇಶ ಪರೀಕ್ಷೆಗೆ ಕೂರುವ ಹೊತ್ತಿಗೆ ಮದುವೆಯಾಗಿ, ಮಗುವಿನ ಎಲ್‌ಕೆಜಿ ಅಡ್ಮಿಷನ್ನಿಗೂ ಓಡಾಡುತ್ತಿರುತ್ತೇವೆ. ಆ ಪರೀಕ್ಷೆಯಲ್ಲಿ ಯುದ್ಧತಂತ್ರ, ಸೇನಾ ಕಾನೂನು, ಸೇನಾ ಇತಿಹಾಸ, ಪ್ರಚಲಿತ ವಿದ್ಯಮಾನ ಎಲ್ಲವೂ ಇವೆ. ಬಿ.ಎಸ್ಸಿ. ಮಾಡಿದವನಿಗೂ ಬಿ.ಎ. ಮಾಡಿದವನಿಗೂ ಅದೇ ಪ್ರಶ್ನೆಪತ್ರಿಕೆ. ಸೈನ್ಸಿನವರು 'ಇತಿಹಾಸ ಉರು ಹೊಡೆದರಾಯಿತು' ಎಂದುಕೊಂಡು ಹೋಗಿ ಕೈಸುಟ್ಟುಕೊಳ್ಳುವುದನ್ನು ನೋಡಿದ್ದೇನೆ. ನಾನೂ ಒಂದು ಸಲ ಸುಟ್ಟುಕೊಂಡೆ. ನೀಲಗಿರಿಯ ವೆಲ್ಲಿಂಗ್ಟನ್‌ಗೆ ಆಯ್ಕೆಯಾಗಿ ಓದಿದವರಿಗೆ ಮದ್ರಾಸ್ ವಿಶ್ವವಿದ್ಯಾಲಯದ ಎಂ.ಎಸ್ಸಿ. ಸಿಗುತ್ತದೆ. ಬಿ.ಎ. ಮಾಡಿದವನ ಹೆಸರಿನ ಮುಂದೆಯೂ ಎಂ.ಎಸ್ಸಿ. ಬರುವ ಚೋದ್ಯ ಸೇನೆಯಲ್ಲಿ ಮಾತ್ರ.

9. ಸಮವಸ್ತ್ರ ಬಿಚ್ಚುವ ದಿನವನ್ನೂ ಲೆಕ್ಕಕ್ಕೆ ತಗೋ, ಆದರೆ ಅದನ್ನೇ ಲೆಕ್ಕ ಮಾಡಬೇಡ

ಕರ್ನಲ್ ನಿವೃತ್ತನಾಗುವುದು 54ಕ್ಕೆ. ಅದಕ್ಕೂ ಮುಂಚೆ ಬಿಟ್ಟು ಬರುವವರು ಬೇಕಾದಷ್ಟು ಮಂದಿ. ಆಗ ಈ ಪದವಿ ಕಾಗದವಾಗಿ ಕೈಗೆ ಬರುತ್ತದೆ. ಎಂ.ಎ., ಎಂಬಿಎ, ಸಿವಿಲ್ ಸರ್ವಿಸ್ ಎಲ್ಲದಕ್ಕೂ ಪದವೀಧರ ಎಂಬ ಲೆಕ್ಕಕ್ಕೆ ಸಾಕು. ಕಂಪ್ಯೂಟರ್ ಓದಿದವನಿಗೆ ಬೆಂಗಳೂರಿನ ಐಟಿ ಕಂಪನಿ ಕಾದು ಕೂತಿರುತ್ತದೆ ಎಂಬುದು ಮಾತ್ರ ಭ್ರಮೆ. ಮೂವತ್ತು ವರ್ಷದ ಹಿಂದೆ ಕಲಿತ ಪ್ರೋಗ್ರಾಮಿಂಗ್ ಭಾಷೆ ಇವತ್ತು ಶಾಸನದ ಲಿಪಿ.

ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ನಮ್ಮ ವಿಜಯಪುರದ ಶಾಲೆಯಿಂದಲೇ ಖಡಕ್‌ವಾಸ್ಲಾಕ್ಕೆ ಹೋದವರು. 1971ರ ಯುದ್ಧ ಕಂಡು, ಚಿಕ್ಕ ವಯಸ್ಸಿನಲ್ಲೇ ಸೇನೆ ಬಿಟ್ಟು, ಹಾಸನ ಜಿಲ್ಲೆಯಲ್ಲಿ ಬೇಸಾಯ ಮಾಡಿ, 2003ರಲ್ಲಿ ಏರ್ ಡೆಕ್ಕನ್ ಹಾರಿಸಿದರು. ಅಗ್ಗದ ಟಿಕೆಟ್ಟಿನಲ್ಲಿ ಹುಬ್ಬಳ್ಳಿಯಿಂದ ಹಾರಿದ ನಮ್ಮ ಊರಿನ ಜನ ಯಾರೂ 'ಆ ಪುಣ್ಯಾತ್ಮ ಎನ್‌ಡಿಎಯಲ್ಲಿ ಯಾವ ವಿಷಯ ತಗೊಂಡಿದ್ದ?' ಎಂದು ಕೇಳಲಿಲ್ಲ.

10. ಅಪ್ಪ ಅಮ್ಮಂದಿರಿಗೆ

ನಿಮ್ಮ ಮಗು ಅಲ್ಲಿಗೆ ಸೇರುವಾಗ ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷ. ಐದು ದಿನದ ಎಸ್‌ಎಸ್‌ಬಿಯಲ್ಲಿ ಅದರ ಮನಸ್ಸನ್ನು ತಜ್ಞರು ಜಾಲಾಡಿ, ನಾಳೆ ಮೂವತ್ತು ಜನರ ಪ್ರಾಣ ಇದರ ಕೈಗೆ ಕೊಡಬಹುದು ಎಂದು ಒಪ್ಪಿದ್ದಾರೆ. ಇತಿಹಾಸವೋ ರಸಾಯನಶಾಸ್ತ್ರವೋ ಎಂದು ತೀರ್ಮಾನಿಸುವುದನ್ನೂ ಅದಕ್ಕೇ ಬಿಡಿ. ಪಿಯುಸಿ ಆರಿಸುವಾಗ ಆಡಿದ ಮಾತುಗಳನ್ನು ಖಡಕ್‌ವಾಸ್ಲಾವರೆಗೆ ಎಳೆದುಕೊಂಡು ಹೋಗಬೇಡಿ. ಫೋನು ಮಾಡಿದಾಗ ಊಟ ಮಾಡಿದೆಯಾ, ಮೊಣಕಾಲು ಹೇಗಿದೆ ಎಂದು ಕೇಳಿ. ಹೆಣ್ಣುಮಕ್ಕಳ ತಂದೆತಾಯಿಗಳಿಗೂ ಇದೇ ಮಾತು. 2022ರಲ್ಲಿ ಅಲ್ಲಿಗೆ ಮೊದಲ ಸಲ ಹುಡುಗಿಯರು ಹೋದರು; 2025ರ ಮೇ 30ರಂದು ಅವರಲ್ಲಿ 17 ಜನ ಪಾಸಿಂಗ್ ಔಟ್ ಪರೇಡ್‌ನಲ್ಲಿ ನಡೆದು ಹೊರಬಂದರು. 'ಹುಡುಗಿಗೆ ಇದು ಹಗುರ, ಅದು ಭಾರ' ಎಂಬ ಸಲಹೆ ಅವರಿಗೆ ಬೇಕಾಗಿರಲಿಲ್ಲ.

ಮೊನ್ನೆ ಭಾನುವಾರ ಮೊಮ್ಮಗಳ ಫೋನು ಮತ್ತೆ ಬಂತು. ನನ್ನ ಸಲಹೆಗೆ ಕಾಯದೆ ಮರುದಿನ ಬೆಳಿಗ್ಗೆಯೇ ಬರೆದುಕೊಟ್ಟಳಂತೆ. "ಅಪ್ಪಗ ನೀವೇ ಹೇಳ್ರಿ ಅಜ್ಜಾ" ಎಂದಳು. ನನ್ನ ಸೋದರಳಿಯ ಈ ಪತ್ರಿಕೆ ತರಿಸುತ್ತಾನೆ, ಆದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ: ಬಿ.ಎ. ಕಣಪ್ಪಾ. ಭಾಷೆ ಚೀನಿ.